ಗೋಣಿ, ಗನ್ನಿ

ಹೋದ ತಿಂಗಳು ಗೋದಾಮಿನ ತಂತ್ರಾಂಶವೊಂದರಲ್ಲಿ ನಮ್ಮ ಟೀಮಿನ ಹುಡುಗನೊಬ್ಬ 'ಗನ್ನಿ ಬ್ಯಾಗ್' ಎಂದು ಬರೆದಿದ್ದ. "ಇದು ಹಳೇ ಸರಕಾರಿ ಇಂಗ್ಲಿಷ್, ಜ್ಯೂಟ್ ಬ್ಯಾಗ್ ಅಂತ ಮಾಡು" ಎಂದೆ. ಮಾಡಿದ. ಆ ರಾತ್ರಿ ನನಗೆ ಬಾರಾನಗರ ನೆನಪಾಯಿತು.

2002ರಲ್ಲಿ ಎಂಟೆಕ್ ಓದಲು ಅಲ್ಲಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಸೇರಿದಾಗ ಕುಂದಾಪುರದಿಂದ ಅಪ್ಪನೂ ಜೊತೆಗೆ ಬಂದಿದ್ದರು. ಹೆಗಲ ಮೇಲೆ ಅರ್ಧ ಗೋಣಿ ಕುಚ್ಚಲಕ್ಕಿ. (ಬಂಗಾಳದಲ್ಲೂ ಕುಚ್ಚಲಕ್ಕಿ ಧಾರಾಳ ಸಿಗುತ್ತದೆಂದು ನಮಗೇನು ಗೊತ್ತು!) ಬಿ.ಟಿ. ರಸ್ತೆಯಲ್ಲಿ ಟ್ಯಾಕ್ಸಿ ಇಳಿದಾಗ ಸುತ್ತ ಸೂಟ್‌ಕೇಸಿನ ಹುಡುಗರು. ನಾನು ನಾಲ್ಕು ಹೆಜ್ಜೆ ಮುಂದೆ ನಡೆದೆ, ಹಿಂದಿರುವವರು ಬೇರೆ ಯಾರದೋ ಅಪ್ಪ ಎಂಬಂತೆ.

ಹಾಸ್ಟೆಲಿನ ಬಾಗಿಲಲ್ಲಿ ಸಾಮಾನು ಬರೆದುಕೊಳ್ಳುತ್ತಿದ್ದ ಹಿರಿಯರೊಬ್ಬರು ಅದೇನೆಂದು ಕೇಳಿದರು. ನಾನು ಇಂಗ್ಲಿಷಿಗೆ ತಡಕಾಡುವಷ್ಟರಲ್ಲಿ ಅಪ್ಪ, "ಗೋಣಿ ಮಾರಾಯ್ರೆ, ಗೋಣಿ" ಎಂದರು. ಅವರ ಮುಖ ಅರಳಿತು. "ಗನ್ನಿ!" ಎಂದು ಬರೆದುಕೊಂಡು ಅಪ್ಪನನ್ನು ಕೂರಿಸಿ ಚಹಾ ತರಿಸಿದರು. ಬಂಗಾಳಿಯಲ್ಲಿ ಅದು ಬಸ್ತಾ. ಗನ್ನಿ ಎಂಬುದು ಸೆಣಬಿನ ಗಿರಣಿಯ ಮಾತು. ಬಾರಾನಗರವೇ ಅಂಥ ಊರು. 1859ರಲ್ಲಿ ಬೋರ್ನಿಯೋ ಕಂಪನಿ ಯಂತ್ರದ ಮಗ್ಗಗಳಲ್ಲಿ ಸೆಣಬು ನೇಯಲು ತೊಡಗಿದ್ದು ಇಲ್ಲೇ. ನಮ್ಮ ಸಂಸ್ಥೆ ಕಟ್ಟಿದ ಮಹಾಲನೋಬಿಸರ ಹೆಸರಾಂತ ಮಾದರಿ ಸಮೀಕ್ಷೆ ನಡೆದದ್ದೂ ಬಂಗಾಳದ ಸೆಣಬಿನ ಬೆಳೆಯ ಮೇಲೆ. ಅದನ್ನು ಪರೀಕ್ಷೆಗೆ ಓದಿದ್ದೆ; ಗೋಣಿಗೂ ಅದಕ್ಕೂ ನಂಟಿದೆ ಎಂದು ಹೊಳೆದಿರಲಿಲ್ಲ.

ಈಗ ನಿಘಂಟು ತೆರೆದು ನೋಡಿದೆ. ಇಂಗ್ಲಿಷಿನವರು ಮರಾಠಿಯ ಗೋಣಿಯನ್ನು 18ನೇ ಶತಮಾನದ ಆರಂಭದಲ್ಲೇ ಗನ್ನಿ ಮಾಡಿಕೊಂಡಿದ್ದರು. ಅದರ ಹಿಂದಿರುವುದು ಸಂಸ್ಕೃತದ ಗೋಣೀ, ಪಾಣಿನಿಯ ಸೂತ್ರದಲ್ಲಿರುವ ಪದ. 1886ರ ಹಾಬ್ಸನ್-ಜಾಬ್ಸನ್ ಕೋಶದಲ್ಲೂ ಗನ್ನಿ ಇದೆ. ಬ್ರಿಟನ್ನಿನಲ್ಲಿ ಈ ಬಟ್ಟೆಗೆ ಈಗ ಹೆಸ್ಸಿಯನ್ ಎನ್ನುತ್ತಾರೆ, ಅಮೆರಿಕದಲ್ಲಿ ಬರ್ಲ್ಯಾಪ್. ಆದರೂ ಅಮೆರಿಕದವರ ಬಾಯಲ್ಲಿ ಗನ್ನಿಸ್ಯಾಕ್ ಉಳಿದಿದೆ. ಅರ್ಥ ನೋಡಿದರೆ ಚೀಲದ ಚೀಲ! ನಗುವ ಹಾಗಿಲ್ಲ, ನಾವೂ ಗೋಣಿಚೀಲ ಎನ್ನುವವರೇ. ನಮ್ಮ ಆಹಾರ ನಿಗಮದ ಟೆಂಡರುಗಳಲ್ಲಂತೂ ಇಂದಿಗೂ ಗನ್ನಿಯೇ.

ಮರುದಿನ ಹುಡುಗನನ್ನು ಕರೆದು, "ನಿನ್ನದೇ ಸರಿ, ಮೊದಲಿನಂತೆ ಹಾಕು" ಎಂದೆ. ಯಾಕೆಂದು ಅವನು ಕೇಳಲಿಲ್ಲ.

ಅಪ್ಪ ಹೋಗಿ ಆರು ವರ್ಷವಾಯಿತು. ಆ ನಾಲ್ಕು ಹೆಜ್ಜೆಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಊರಿಗೆ ಹೋದವರೆಲ್ಲರ ಬಳಿ ಅವರು ಹೇಳುತ್ತಿದ್ದದ್ದು ಒಂದೇ: "ಕಲ್ಕತ್ತೆಯಲ್ಲೂ ಗೋಣಿಗೆ ಗೋಣಿಯೇ ಅಂಬ್ರು."