ದೇವನಹಳ್ಳಿಯ ಕೆರೆ ಏರಿಯಿಂದ ಸುಲ್ತಾನ್ ಬತ್ತೇರಿಗೆ

ದೇವನಹಳ್ಳಿಗೆ ಬರುವ ನೆಂಟರು ಮೊದಲು ಕೇಳುವುದು ಕೋಟೆಯನ್ನು, ಆಮೇಲೆ ಟಿಪ್ಪು ಸುಲ್ತಾನರು ಹುಟ್ಟಿದ ಜಾಗವನ್ನು. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ್ದು ಮಣ್ಣಿನ ಕೋಟೆ. ಹೈದರಾಲಿಯ ಕಾಲದಲ್ಲಿ ಅದು ಕಲ್ಲಿನ ಕೋಟೆಯಾಯಿತು. ಜನ್ಮಸ್ಥಳದಲ್ಲಿರುವುದು ಕಂಬಗಳ ಒಂದು ಪುಟ್ಟ ಮಂಟಪ, ಒಂದು ಕಲ್ಲಿನ ಫಲಕ, ಅಷ್ಟೇ. ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಈ ಊರಿನ ಹೆಸರು ಎಲ್ಲರ ಬಾಯಲ್ಲಿದೆ, ಚಕ್ಕೋತದ ತೋಟಗಳು ಮಾತ್ರ ಹುಡುಕಿದರೆ ಸಿಗುತ್ತವೆ.

ಆದರೆ ನನ್ನನ್ನು ಕೇಳಿದರೆ ಈ ಸೀಮೆಯಲ್ಲಿ ನೋಡಬೇಕಾದದ್ದು ಕೆರೆ ಏರಿಗಳನ್ನು. ಏರಿ ಮಣ್ಣಿನದು. ನೀರಿನ ಕಡೆಯ ಮೈಗೆ ಮಾತ್ರ ಸಾಲಾಗಿ ಕಲ್ಲು ಹಾಸಿರುತ್ತಾರೆ. ಅದು ಅಂದಕ್ಕಲ್ಲ. ಕೆರೆ ತುಂಬಿದಾಗ ಗಾಳಿಗೆ ಏಳುವ ಸಣ್ಣ ಅಲೆ ಹಗಲೂ ರಾತ್ರಿ ಬಡಿದರೆ ಮಣ್ಣು ಕರಗಿ, ಏರಿಯೇ ಬಾಯಿ ಬಿಡುತ್ತದೆ. ಕೆರೆ ಉದ್ದವಾದಷ್ಟೂ ಗಾಳಿಗೆ ಓಟ ಹೆಚ್ಚು, ಅಲೆಯೂ ದೊಡ್ಡದು. ಓದು ಬರಹವಿಲ್ಲದ ನಮ್ಮ ಒಡ್ಡರು ಇದನ್ನು ತಿಳಿದೇ ಕಲ್ಲು ಕೂರಿಸಿದರು.

ಅದೇ ಕೆರೆಯಲ್ಲಿ ಬಾತುಕೋಳಿಯೊಂದು ಈಜಿಕೊಂಡು ಹೋದರೆ ಹಿಂದೆ ನೀರು ಚೂಪಾಗಿ ಎರಡು ಹೋಳಾಗುವುದನ್ನು ನೋಡಿದ್ದೀರಲ್ಲ? ಆ ಎರಡು ಗೆರೆಗಳ ನಡುವಿನ ಕೋನ ಸುಮಾರು 39 ಡಿಗ್ರಿ. ಆಳವಾದ ನೀರಿನಲ್ಲಿ ಸಾಗುವ ಹಡಗಿನ ಹಿಂದೆಯೂ ಹೆಚ್ಚುಕಡಿಮೆ ಅದೇ ಕೋನ! 1887ರಲ್ಲಿ ಕೆಲ್ವಿನ್ ಎಂಬ ವಿಜ್ಞಾನಿ ಲೆಕ್ಕ ಹಾಕಿ ತೋರಿಸಿದ ಸಂಗತಿ ಇದು. ಕೋನ ಒಂದೇ ಆದರೂ ಏಟು ಒಂದೇ ಅಲ್ಲ. ಅಲೆಯ ಎತ್ತರ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ದೇವನಹಳ್ಳಿಯಲ್ಲಿ ಹಡಗೆಲ್ಲಿ ಬರಬೇಕು! ಅದನ್ನು ನೋಡಲು ಶಿರಾಡಿ ಘಾಟಿ ಇಳಿಯಬೇಕು. ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ನದಿಯ ದಡದಲ್ಲಿ, ನಮ್ಮೂರಲ್ಲಿ ಹುಟ್ಟಿದ ಅದೇ ಸುಲ್ತಾನರು 1784ರಲ್ಲಿ ಕಟ್ಟಿಸಿದ ಕಾವಲು ಕಟ್ಟೆಯಿದೆ, ಸುಲ್ತಾನ್ ಬತ್ತೇರಿ. ಶತ್ರುಗಳ ಯುದ್ಧನೌಕೆ ನದಿಯೊಳಗೆ ನುಗ್ಗದಂತೆ ತಡೆಯುವುದು ಅದರ ಕೆಲಸ. ಪೂರ್ತಿ ಕಪ್ಪು ಕಲ್ಲು, ಫಿರಂಗಿಗೆ ಕಿಂಡಿಗಳು, ಕೆಳಗೆ ಮದ್ದು ಇಡುವ ಕೋಣೆ. ಮೇಲೇರಿ ನಿಂತರೆ ನದಿ, ಆಚೆ ತಣ್ಣೀರುಬಾವಿಯ ಮರಳು ದಂಡೆ, ಅದರಾಚೆ ಕಡಲು. ಸಮುದ್ರವಿಲ್ಲದ ಊರಲ್ಲಿ ಹುಟ್ಟಿದವರು ಪಡುವಣ ಕರಾವಳಿಯಲ್ಲಿ ಹಡಗು ಕಟ್ಟಿಸಿ ನೌಕಾಪಡೆ ಮಾಡಹೊರಟರಲ್ಲ ಎಂದು ಅಲ್ಲಿ ನಿಂತಾಗ ಅನಿಸದೆ ಇರದು.

ಬತ್ತೇರಿಯ ಕೆಳಗಿನಿಂದ ತಣ್ಣೀರುಬಾವಿಗೆ ದೋಣಿ ಹೋಗುತ್ತದೆ. ನಾವು ಕಾಯುತ್ತಾ ನಿಂತಿದ್ದಾಗ ಮಕ್ಕಳು ನೀರಿಗೆ ಕಾಲು ಇಳಿಬಿಟ್ಟು ಕುಳಿತಿದ್ದವು. ನಡುನೀರಿನಲ್ಲಿ ಮೀನುಗಾರಿಕೆಯ ಬೋಟೊಂದು ಗುಡುಗುಡು ಎನ್ನುತ್ತಾ ಸಾಗಿತು. "ಅಕ್ಕಾ, ಮಕ್ಕಳನ್ನು ಸ್ವಲ್ಪ ಮೇಲೆ ಕರೀರಿ, ಈಗ ಅಲೆ ಬರ್ತದೆ" ಎಂದರು ದೋಣಿಯವರು. ಬೋಟು ಅಷ್ಟು ದೂರ ಹೋಗಿಯಾಗಿದೆ, ಎಲ್ಲಿಯ ಅಲೆ ಎಂದುಕೊಳ್ಳುವಷ್ಟರಲ್ಲಿ ದಡದ ನೀರು ಮೇಲೆದ್ದು ಒಂದರ ಹಿಂದೊಂದು ಬಂದು ಬಡಿಯಿತು. ಕಟ್ಟಿದ್ದ ದೋಣಿಗಳು ಹಗ್ಗ ಜಗ್ಗಿದವು.

ಆ ಒಂದು ಮಾತಿನಲ್ಲಿ ಇಂಜಿನಿಯರರ ಒಂದು ಇಡೀ ವಿಭಾಗವೇ ಅಡಗಿದೆ. ಹಡಗಿನ ಉದ್ದ, ಅದು ನೀರಿನಲ್ಲಿ ಮುಳುಗಿರುವ ಆಳ, ವೇಗ, ನದಿಯ ಆಳ, ದಡಕ್ಕಿರುವ ದೂರ ಇಷ್ಟು ಗೊತ್ತಿದ್ದರೆ ದಡದಲ್ಲಿ ಅಲೆ ಎಷ್ಟು ಎತ್ತರ ಏಳುತ್ತದೆಂದು ಮುಂಚಿತವಾಗಿ ಹೇಳಬಹುದು. ದೂರವಿದ್ದರೆ ಸಾಕು ಎಂಬ ನಂಬಿಕೆ ಅಷ್ಟು ಗಟ್ಟಿಯಲ್ಲ. ಅಲೆ ಅರ್ಧಕ್ಕಿಳಿಯಬೇಕಾದರೆ ಎಂಟು ಪಟ್ಟು ದೂರ ಸಾಗಬೇಕು. ನಿಜವಾಗಿ ಕೈಗೆ ಸಿಗುವುದು ವೇಗ. ಪ್ರತಿ ಆಳಕ್ಕೂ ಒಂದು ಮಿತಿಯ ವೇಗವಿದೆ. ನಾಲ್ಕು ಮೀಟರ್ ನೀರಿನಲ್ಲಿ ಗಂಟೆಗೆ ಸುಮಾರು 22 ಕಿಲೋಮೀಟರ್, ಎರಡು ಮೀಟರಿನಲ್ಲಿ ಸುಮಾರು 16. ಬೋಟು ಈ ಮಿತಿಯ ಹತ್ತಿರ ಬಂದಂತೆ ಅಲೆ ಉಬ್ಬುತ್ತದೆ. ಹಾಗಾಗಿ ಭರತದ ಹೊತ್ತು ತಣ್ಣಗೆ ಹೋದ ಬೋಟು, ಇಳಿತದ ಹೊತ್ತು ಅದೇ ವೇಗದಲ್ಲಿ ಹೋದರೆ ಹೆಚ್ಚು ಏಟು ಕೊಡಬಹುದು. ಕಿರಿದಾದ ಕಾಲುವೆಯಲ್ಲಿ ದೊಡ್ಡ ಹಡಗು ಬಂದರೆ ಇನ್ನೊಂದು ಮೋಸವಿದೆ. ಮೊದಲು ದಡದ ನೀರು ಹಿಂದೆ ಸರಿಯುತ್ತದೆ, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ನೀರು ಇಳಿಯಿತೆಂದು ಮಕ್ಕಳು ಕೆಳಗೆ ಇಳಿಯುವುದೇ ಆಗ!

ಇಟಲಿಯ ವೆನಿಸ್ ನಗರದಲ್ಲಿ ಮೋಟಾರು ದೋಣಿಗಳ ಅಲೆ ಮನೆಗಳ ಬುಡವನ್ನು ತಿನ್ನುತ್ತಿದೆ. ಅದಕ್ಕೆ ಅಲ್ಲಿನವರು ಬೇರೆ ಹೆಸರನ್ನೇ ಇಟ್ಟಿದ್ದಾರೆ. ದೊಡ್ಡ ಪ್ರವಾಸಿ ಹಡಗುಗಳ ವಿಷಯದಲ್ಲಿ ಜನ ವರ್ಷಗಟ್ಟಲೆ ಜಗಳವಾಡಿದ ಮೇಲೆ, 2021ರ ಆಗಸ್ಟ್‌ನಿಂದ 25,000 ಟನ್ ಮೀರಿದ ಹಡಗುಗಳನ್ನು ಊರ ನಡುವಿನ ಕಾಲುವೆಗೆ ಬಿಡುತ್ತಿಲ್ಲ.

ನಮಗೇಕೆ ವೆನಿಸ್ಸಿನ ಚಿಂತೆ ಎನ್ನಬೇಡಿ. 2016ರ ಕಾನೂನು ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯ ಜಲಮಾರ್ಗಗಳೆಂದು ಸಾರಿತು. ಗುರುಪುರ ನದಿಯೂ ನೇತ್ರಾವತಿಯೂ ಆ ಪಟ್ಟಿಯಲ್ಲಿವೆ. ಇವೆರಡರಲ್ಲಿ ಕೊಚ್ಚಿಯ ಮಾದರಿಯ ವಾಟರ್ ಮೆಟ್ರೋ ಓಡಿಸುವ ಪ್ರಸ್ತಾಪವೂ ಇದೆ. ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಲ್ಲಿ ಆರಂಭವಾದ ಈ ಬೋಟುಗಳು ಜೋಡಿ ಒಡಲಿನವು. ತೆಳುವಾದ ಎರಡು ಒಡಲುಗಳು ಅಗಲವಾದ ಒಂದು ಒಡಲಿಗಿಂತ ನೀರನ್ನು ಕಡಿಮೆ ಕಲಕುತ್ತವೆ. ದೋಣಿಯಲ್ಲಿ ಶಾಲೆಗೆ, ಆಸ್ಪತ್ರೆಗೆ ಹೋಗುವಂತಾದರೆ ಹೆಣ್ಣುಮಕ್ಕಳಿಗೆ ಎಷ್ಟೋ ಅನುಕೂಲ, ಬೇಡವೆನ್ನುವವಳು ನಾನಲ್ಲ. ಆದರೆ ದಿನಕ್ಕೆ ಎಷ್ಟು ಸಲ, ಯಾವ ವೇಗದಲ್ಲಿ, ದಡಕ್ಕೆ ಎಷ್ಟು ಹತ್ತಿರದಲ್ಲಿ ಎಂಬುದನ್ನು ಬೋಟು ಕೊಳ್ಳುವ ಮೊದಲೇ ಲೆಕ್ಕ ಹಾಕಬೇಕು. ದಡದಲ್ಲಿ ಬತ್ತೇರಿ ಮಾತ್ರ ಇಲ್ಲ. ತೆಂಗಿನ ತೋಟಗಳಿವೆ, ಹಿತ್ತಲ ಗೋಡೆ ನದಿಗೆ ತಾಗುವ ಮನೆಗಳಿವೆ, ಇಳಿತದ ಹೊತ್ತು ಸೊಂಟಮಟ್ಟ ನೀರಲ್ಲಿ ನಿಂತು ಮರುವಾಯಿ ಹೆಕ್ಕುವವರಿದ್ದಾರೆ.

ಆಮೇಲೆ ಕಲ್ಲು ಹಾಕಿದರಾಯಿತು ಎನ್ನುವವರಿಗೂ ಒಂದು ಲೆಕ್ಕವಿದೆ. ಅಲೆಯ ಎತ್ತರ ಎರಡು ಪಟ್ಟಾದರೆ, ಅದನ್ನು ತಡೆದು ನಿಲ್ಲುವ ಕಲ್ಲಿನ ತೂಕ ಎಂಟು ಪಟ್ಟಾಗಬೇಕು. ದೇವನಹಳ್ಳಿಯ ಏರಿಯಲ್ಲಿ ಇಬ್ಬರು ಹೊತ್ತು ಕೂರಿಸುವ ಕಲ್ಲು ಸಾಕಾಗುವ ಕಡೆ, ಅಲ್ಲಿ ಕ್ರೇನ್ ತರಬೇಕು. ಬೋಟಿನ ವೇಗ ಇಳಿಸಲು ಚಾಲಕನ ಕೈಯೊಂದು ಸಾಕು.