ಕೆಂಪು ಗುಡ್ಡದ ಪಾಠ, ಬಿಳಿ ಬೆಟ್ಟದ ಎಚ್ಚರ

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸಂಡೂರನ್ನು ನೋಡಬೇಕು. ಬಳ್ಳಾರಿಯ ಬಿಸಿಲಿನಿಂದ ಬಂದವರು ಇದೂ ಅದೇ ಜಿಲ್ಲೆಯೇ ಎಂದು ಕೇಳುತ್ತಾರೆ. ಸುತ್ತ ಹಸಿರು ಬೆಟ್ಟ, ನಡುವೆ ಊರು, ನಾರಿಹಳ್ಳದ ತುಂಬ ನೀರು. ಆದರೆ ಆ ಹಸಿರಿನ ಅಡಿಯಲ್ಲಿರುವುದು ಅದಿರಿನ ಕೆಂಪು ಮಣ್ಣು. ಬೇಸಿಗೆಯಲ್ಲಿ ಅದು ಧೂಳಾಗಿ ನಮ್ಮ ಬಟ್ಟೆಬರೆಗೆ ಅಂಟುತ್ತದೆ; ಮಳೆ ಬಂದರೆ ಕೆಸರಾಗಿ ಕಾಲಡಿಯಿಂದಲೇ ಜಾರುತ್ತದೆ.

ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ರಜೆಗೆ ಬಂದಿದ್ದಾಗ ಇಬ್ಬರೂ ನಾರಿಹಳ್ಳದ ಕಡೆ ನಡೆದು ಹೋಗಿದ್ದೆವು. ದಾರಿಯಲ್ಲಿ ಮೆಲ್ಲಗೆ ಕೇಳಿದಳು:

"ಅಮ್ಮೀ, ಜನವರಿಯಲ್ಲಿ ಗೆಳತಿಯರು ಗುಲ್‌ಮಾರ್ಗ್‌ಗೆ ಹೊರಟಿದ್ದಾರೆ. ಹಿಮದಲ್ಲಿ ಎರಡು ದಿನ ಚಾರಣವೂ ಇದೆ. ನಾನೂ ಹೋಗಲಾ?"

"ಬೇಡ" ಎಂದುಬಿಟ್ಟೆ. ನನ್ನ ಕಣ್ಣ ಮುಂದೆ ಬಂದದ್ದು 2016ರ ಫೆಬ್ರವರಿ. ಆ ತಿಂಗಳ 3ರಂದು ಸಿಯಾಚಿನ್‌ನಲ್ಲಿ, ಹತ್ತೊಂಬತ್ತು ಸಾವಿರ ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಅವರಲ್ಲಿ ಮೂವರು ಕನ್ನಡ ನಾಡಿನವರು. ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತ ಸಿಕ್ಕಾಗ ನಾಡೇ ಹಿಗ್ಗಿತು. ನಮ್ಮ ಓಣಿಯ ಹೆಂಗಸರೆಲ್ಲ ಅವರಿಗಾಗಿ ದುಆ ಮಾಡಿದ್ದೆವು. 11ರಂದು ಅವರು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ಮಗಳು ವಾದ ಮಾಡಲಿಲ್ಲ. ರಸ್ತೆಗಾಗಿ ಕಡಿದ ಗುಡ್ಡದ ಬಳಿ ನಿಂತಳು. ರಾತ್ರಿಯ ಮಳೆಗೆ ಅಲ್ಲಿ ಮಣ್ಣು ಜಾರಿತ್ತು. ಕೆಳಗೆ ಗಟ್ಟಿ ಪದರ, ನಡುವೆ ಸಡಿಲ ನೊರಜುಗಲ್ಲು, ಮೇಲೆ ನೆನೆದ ಭಾರದ ಮಣ್ಣು. "ಹಿಮವೂ ಹೀಗೇ ಬೀಳುವುದೇನೋ. ಬೇಡ ಅನ್ನುವ ಮೊದಲು ತಿಳಿದುಕೊಳ್ಳೋಣ ಅಮ್ಮೀ" ಎಂದಳು.

ಆ ವಾರ ತಾಯಿ-ಮಗಳು ಕುಳಿತು ಓದಿದೆವು. ಹಿಮವೂ ಪದರ ಪದರವಾಗಿಯೇ ಕೂಡುತ್ತದೆ. ನಡುವಿನ ಒಂದು ಪದರ ಸಕ್ಕರೆಯ ಹಾಗೆ ಸಡಿಲವಾಗಿದ್ದರೆ ಮೇಲಿನದೆಲ್ಲ ಹಲಗೆಯಂತೆ ಒಡೆದು ಜಾರುತ್ತದೆ. ಸಾಮಾನ್ಯವಾಗಿ ಹೀಗಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಡೆಯುವವರ ಭಾರವೇ ಅದಕ್ಕೆ ಸಾಕು; ಸಿಕ್ಕಿಬೀಳುವ ಚಾರಣಿಗರಲ್ಲಿ ಹೆಚ್ಚಿನವರ ಮೇಲೆ ಕುಸಿಯುವುದು ಅವರೋ ಅವರ ಜೊತೆಯವರೋ ಕದಲಿಸಿದ ಹಿಮವೇ. ಕಾಲಡಿಯಲ್ಲಿ 'ಧುಮ್' ಎಂಬ ಸದ್ದು, ಹಿಮದ ಮೇಲೆ ಓಡುವ ಬಿರುಕು, ಪಕ್ಕದ ಇಳಿಜಾರಿನಲ್ಲಿ ಆಗಲೇ ಆದ ಕುಸಿತ, ಇವು ಹಿಂತಿರುಗಿ ಎನ್ನುವ ಸೂಚನೆಗಳು.

ಹೂತವರನ್ನು ಹೆಚ್ಚಾಗಿ ಕೊಲ್ಲುವುದು ಚಳಿಯಲ್ಲ, ಉಸಿರುಗಟ್ಟುವಿಕೆ. ಹತ್ತು-ಹದಿನೈದು ನಿಮಿಷದೊಳಗೆ ಹೊರತೆಗೆದರೆ ಬದುಕುವ ಆಸೆ ಹೆಚ್ಚು, ಆಮೇಲೆ ಬೇಗ ಬೇಗ ಕುಸಿಯುತ್ತದೆ. ಅಷ್ಟರಲ್ಲಿ ಊರಿನಿಂದ ಯಾರೂ ಬರಲಾರರು, ಜೊತೆಯಲ್ಲಿದ್ದವರೇ ಅಗೆಯಬೇಕು. ಅದಕ್ಕೇ ಪ್ರತಿಯೊಬ್ಬರ ಬಳಿಯೂ ಸಂಕೇತ ಕಳಿಸುವ ಪುಟ್ಟ ಯಂತ್ರ, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು, ಸಲಿಕೆ, ಮೂರೂ ಇರಬೇಕು.

ಗುಲ್‌ಮಾರ್ಗ್‌ನಲ್ಲೂ 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯದ ಒಬ್ಬರು ಹಿಮಕುಸಿತಕ್ಕೆ ಬಲಿಯಾದರು. ಕುಸಿತವೊಂದೇ ಅಪಾಯವೂ ಅಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋದ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಅದು ನಮ್ಮಲ್ಲಿ ಮುಂಗಾರು ಶುರುವಾಗುವ ತಿಂಗಳು!

ಓದಿ ಮುಗಿದ ಮೇಲೆ ಮಗಳೇ ಚಾರಣದವರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದಳು. ದಾರಿಯ ಇಳಿಜಾರು ಎಷ್ಟು? ಹಿಮಕುಸಿತದ ಮುನ್ಸೂಚನೆಯನ್ನು ದಿನವೂ ನೋಡುವವರು ಯಾರು? ಎಲ್ಲರಿಗೂ ಆ ಯಂತ್ರ, ಕೋಲು, ಸಲಿಕೆ ಕೊಡುತ್ತೀರಾ? "ಏನೂ ಆಗಲ್ಲ ಮೇಡಂ, ತುಂಬಾ ಜನ ಹೋಗಿ ಬಂದಿದ್ದಾರೆ" ಎಂಬ ಉತ್ತರ ಬಂತು. ಫೋನ್ ಇಟ್ಟು, "ಚಾರಣ ಬೇಡ ಅಮ್ಮೀ. ಗುಲ್‌ಮಾರ್ಗ್ ನೋಡಿಕೊಂಡು ಬರುತ್ತೇನೆ" ಎಂದಳು. ನಾನು ಒಪ್ಪಿದೆ.

ಜನವರಿಯಲ್ಲಿ ಅಲ್ಲಿಂದ ಕರೆ ಮಾಡಿದಳು. ಎರಡು ದಿನ ಬಿಡದೆ ಹಿಮ ಸುರಿದು ಅಂದು ಬಿಸಿಲು ಬಿದ್ದಿತ್ತಂತೆ. "ಎಷ್ಟು ಚೆಂದ ಇದೆ ಅಮ್ಮೀ! ಎಲ್ಲರೂ ಮೇಲೆ ಹತ್ತೋಣ ಎನ್ನುತ್ತಿದ್ದಾರೆ. ಹೊಸ ಹಿಮ ಬಿದ್ದ ಮರುದಿನವೇ ಅಲ್ಲವೇ ಹೆಚ್ಚು ಅಪಾಯ? ಅದಕ್ಕೇ ಎಲ್ಲರನ್ನೂ ಕೆಳಗೇ ಕೂರಿಸಿಕೊಂಡಿದ್ದೇನೆ."

ಸಹೋದರಿಯರೇ, ಮಕ್ಕಳನ್ನು ಮನೆಯಲ್ಲಿ ಕಟ್ಟಿಹಾಕುವ ಕಾಲ ಇದಲ್ಲ. ನನ್ನ 'ಬೇಡ' ಅವಳನ್ನು ಈ ಮನೆಯ ಹೊಸ್ತಿಲವರೆಗೆ ಮಾತ್ರ ಕಾಯುತ್ತಿತ್ತು. ಗುಲ್‌ಮಾರ್ಗ್‌ನ ಆ ಬಿಸಿಲಿನಲ್ಲಿ ಅವಳನ್ನು ಕಾದದ್ದು ಅವಳೇ ಕಲಿತ ಪಾಠ. ಆ ಪಾಠದ ಮೊದಲ ಪುಟವನ್ನು ತೆರೆದದ್ದು ನಮ್ಮ ಸಂಡೂರಿನ ಜಾರಿದ ಕೆಂಪು ಗುಡ್ಡ.