ಪರದೆ ಏಳದ ಹೊತ್ತು

ನಾಟಕ ನೋಡಲು ಕುಳಿತವರಿಗೆ ಕಾಣುವುದು ಮುಂದಿನ ಪರದೆಯೊಂದೇ. ಏಳಬೇಕಾದ ಹೊತ್ತಿಗೆ ಅದು ಏಳದೆ ಹೋದರೆ ಶಿಳ್ಳೆ, ಬೈಗುಳ ಎಲ್ಲವೂ ಅದರ ಪಾಲಿಗೆ. ಒಳಗೆ ರಾಜನ ಪಾತ್ರಧಾರಿಯ ಮೀಸೆ ಅಂಟದೆ ಹೋಗಿರಬಹುದು. ಹಾರ್ಮೋನಿಯಂ ಮಾಸ್ತರರು ಚಹಾಕ್ಕೆ ಹೋಗಿರಬಹುದು. ಹಗ್ಗ ಎಳೆಯಬೇಕಾದ ಹುಡುಗ ಸುಖವಾಗಿ ತೂಕಡಿಸುತ್ತಿರಬಹುದು. ಅದನ್ನೆಲ್ಲ ವಿಚಾರಿಸುವ ತಾಳ್ಮೆ ಪ್ರೇಕ್ಷಕರಿಗೆ ಎಲ್ಲಿಂದ ಬರಬೇಕು? ಗಣಕಯಂತ್ರದ ಮಾನಿಟರಿಗೂ ಕನ್ನಡಿಗರು ‘ಪರದೆ’ ಎಂದೇ ಹೆಸರಿಟ್ಟರು. ಹೆಸರಿನೊಂದಿಗೆ ಈ ಅಪವಾದವೂ ಅದರ ಕೊರಳಿಗೆ ಬಿತ್ತು. ಚಿತ್ರ ಮೂಡಲಿಲ್ಲವೆಂದರೆ ‘ಮಾನಿಟರ್ ಹೋಯಿತು’ ಎಂದು ತೀರ್ಪು ಕೊಟ್ಟುಬಿಡುವುದು ಈಗ ಲೋಕರೂಢಿ.

ಪಟ್ಟಣವಾಸಿಗಳಿಗೆ ಈ ಅವಸರದ ತೀರ್ಪಿನಿಂದ ದೊಡ್ಡ ನಷ್ಟವೇನೂ ಇಲ್ಲ. ಬೀದಿಯ ತಿರುವಿನಲ್ಲಿ ಅಂಗಡಿಯಿರುತ್ತದೆ. ಸಂಜೆಯೊಳಗೆ ಯಾರೋ ಬಂದು ನೋಡಿ ಹೋಗುತ್ತಾರೆ. ಕುಂದಗೋಳ ತಾಲೂಕಿನ ಕುಬಿಹಾಳದಲ್ಲಿ ಮಾತು ಬೇರೆ. ಎರೆಹೊಲಗಳ ನಡುವಿನ ಊರು. ಹತ್ತಿ, ಶೇಂಗಾ, ಮೆಣಸಿನಕಾಯಿಗಳ ಲೆಕ್ಕದಲ್ಲಿ ವರ್ಷ ಉರುಳುವ ಸೀಮೆ. ಅಲ್ಲಿ ಇಂಥ ಯಂತ್ರ ಕೆಟ್ಟರೆ ಮೊದಲು ಹೊರಡುವ ಮಾತು ‘ಹುಬ್ಬಳ್ಳಿಗೆ ಒಯ್ಯೂಣು’ ಎಂಬುದು. ಮಾನಿಟರನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಹೋಗಬೇಕು. ಒಂದು ದಿನದ ಕೆಲಸ ಹೋಯಿತು. ಬಸ್ಸಿನ ಖರ್ಚು ಬಂತು. ಅಷ್ಟೆಲ್ಲ ಆದ ಮೇಲೆ ತಿಳಿಯುವುದೇನೆಂದರೆ, ಒಯ್ದದ್ದು ನಿರಪರಾಧಿಯನ್ನು. ಅಪರಾಧಿಯನ್ನು ಮನೆಯಲ್ಲೇ ಮೇಜಿನ ಕೆಳಗೆ ಬಿಟ್ಟು ಬಂದಾಗಿದೆ.

ಅಲ್ಲಿನ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬಹುದು. ಆ ಮನೆಯ ಮಗಳು ಧಾರವಾಡದಲ್ಲಿ ಕನ್ನಡ ಎಂ.ಎ. ಓದುತ್ತಿದ್ದವಳು. ಅಜ್ಜಿಯ ಬಾಯಿಂದ ಬೀಸುವ ಹಾಡು, ಕುಟ್ಟುವ ಹಾಡು, ಸೋಬಾನೆಗಳನ್ನು ಎರಡು ಬೇಸಗೆಯ ರಜೆಗಳಲ್ಲಿ ಕೇಳಿ ಕೇಳಿ, ನುಡಿ ಲಿಪಿಯಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದಳು. ಅಜ್ಜಿ ತೀರಿಕೊಂಡು ವರ್ಷವಾಗಿತ್ತು. ಹಾಡುಗಳಿದ್ದದ್ದು ಅದೊಂದೇ ಯಂತ್ರದಲ್ಲಿ. ಇನ್ನೊಂದು ಪ್ರತಿ ತೆಗೆದಿಡಬೇಕೆಂಬ ಬುದ್ಧಿ ಎಲ್ಲರಿಗೂ ಒಂದು ದಿನ ತಡವಾಗಿಯೇ ಬರುತ್ತದಷ್ಟೆ. ಒಂದು ಮುಂಜಾನೆ ಗುಂಡಿ ಒತ್ತಿದರೆ ಪರದೆಯ ಮೇಲೆ ಬರಿಯ ಕತ್ತಲೆ. ಮೂಲೆಯಲ್ಲಿ ಹಳದಿ ದೀಪವೊಂದು ಮಿಣುಕುತ್ತಿತ್ತು. ಹುಬ್ಬಳ್ಳಿಯ ಪರಿಚಯದ ಅಂಗಡಿಗೆ ಫೋನು ಮಾಡಿದಾಗ, ನೋಡದೆಯೇ ಉತ್ತರ ಬಂತು: ‘ಮಾನಿಟರ್ ಹೋಗಿರಬೇಕರೀ, ಹೊಸಾದು ತಗೊಂಡುಬಿಡ್ರಿ.’ ಹುಡುಗಿಗೆ ಮಾನಿಟರಿನ ಚಿಂತೆಯಲ್ಲ. ‘ಕಾಕಾ, ಅಜ್ಜೀ ಹಾಡು ಎಲ್ಲಾ ಹೋದೂವೇನು?’ ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಕಾಕಾ ಪಂಪ್‌ಸೆಟ್ಟು ರಿಪೇರಿಯ ಮನುಷ್ಯ, ಗಣಕಶಾಸ್ತ್ರ ಬಲ್ಲವನಲ್ಲ. ಆದರೆ ಅವನ ಕಸುಬು ಅವನಿಗೊಂದು ಕ್ರಮ ಕಲಿಸಿತ್ತು. ‘ನೀರ ಬರಲಿಲ್ಲಂತ ಪೈಪಿಗೆ ಬೈತಾರೇನವಾ? ಪೈಪು ತಾನ ನೀರ ಹುಟ್ಟಸೂದಿಲ್ಲ. ತುದಿಯಿಂದ ಹಿಂದಕ್ಕ ನೋಡ್ಕೋತ ಹೋಗಬೇಕು, ಒಂದೊಂದ’ ಎಂದ. ಈ ಒಂದು ಮಾತಿನಲ್ಲಿ ಅಡಗಿರುವಷ್ಟು ವಿವೇಕ ಯಂತ್ರದೊಂದಿಗೆ ಬರುವ ಕೈಪಿಡಿಗಳಲ್ಲಿ ಸಿಗುವುದು ಕಷ್ಟ. ಹುಡುಗಿಗೆ ಧೈರ್ಯ ಕೊಡುವ ಸತ್ಯವೂ ಇದರಲ್ಲೇ ಇತ್ತು. ಬರೆದದ್ದೆಲ್ಲ ಇರುವುದು ಪೆಟ್ಟಿಗೆಯೊಳಗಿನ ಹಾರ್ಡ್ ಡಿಸ್ಕಿನಲ್ಲಿ. ಪರದೆ ಕತ್ತಲಾದ ಮಾತ್ರಕ್ಕೆ ಅಲ್ಲಿನ ಒಂದಕ್ಷರವೂ ಅಳಿಯುವುದಿಲ್ಲ.

ಮೊದಲು ದೀಪದ ವಿಚಾರ. ಮಾನಿಟರಿನ ದೀಪ ಪೂರ್ತಿ ಆರಿದ್ದರೆ ಅದಕ್ಕೆ ವಿದ್ಯುತ್ತೇ ತಲುಪುತ್ತಿಲ್ಲವೆಂದು ಶಂಕಿಸಬೇಕು. ಗೋಡೆಯ ಸ್ವಿಚ್ಚು, ಸಡಿಲವಾದ ಪ್ಲಗ್ಗು, ಒಳಗೆ ತುಂಡಾದ ತಂತಿ, ಇವುಗಳನ್ನು ನೋಡಬೇಕು. ಅನೇಕ ಮಾನಿಟರುಗಳಿಗೂ ಪೆಟ್ಟಿಗೆಗೂ ಬರುವ ವಿದ್ಯುತ್ ತಂತಿ ಒಂದೇ ಬಗೆಯದು. ಅದಲು ಬದಲು ಮಾಡಿದರೆ ತಂತಿಯ ಸಾಚಾತನ ತಾನೇ ಹೊರಬೀಳುತ್ತದೆ. ಇಲ್ಲಿ ದೀಪ ಹಳದಿಯಾಗಿ ಮಿಣುಕುತ್ತಿತ್ತು. ‘ನಾನು ಎಚ್ಚರವಾಗಿದ್ದೇನೆ, ನನಗೆ ಯಾರೂ ಏನೂ ಹೇಳುತ್ತಿಲ್ಲ’ ಎಂಬುದೇ ಅದರ ಅರ್ಥ.

ಆಮೇಲೆ ಕಾಕಾ ಮಾಡಿದ್ದು ಸಾಕ್ಷಿಯನ್ನೇ ಪ್ರಶ್ನಿಸುವ ಕೆಲಸ. ಪೆಟ್ಟಿಗೆಯಿಂದ ಬರುವ ನೀಲಿ ಮೂತಿಯ ವಿಜಿಎ ಕೇಬಲನ್ನು ಮಾನಿಟರಿನ ಬೆನ್ನಿನಿಂದ ಕಳಚಿ, ಮಾನಿಟರನ್ನು ಮಾತ್ರ ಆರಿಸಿ ಹೊತ್ತಿಸಿದ. ಕೂಡಲೇ ಪರದೆಯ ಮೇಲೆ ಚಿಕ್ಕದೊಂದು ಚೌಕ ಮೂಡಿ, ಕೇಬಲ್ ಇಲ್ಲವೆಂದು ಇಂಗ್ಲಿಷಿನಲ್ಲಿ ದೂರುತ್ತ ಅತ್ತಿಂದಿತ್ತ ಅಲೆದಾಡತೊಡಗಿತು. ದೂರುವಷ್ಟು ಜೀವವಿದ್ದ ಮೇಲೆ ಅದು ಸತ್ತದ್ದು ಹೇಗಾದೀತು? ಹೊಸ ಮಾನಿಟರಿನ ಹಣ ಆ ಗಳಿಗೆಯಲ್ಲೇ ಉಳಿಯಿತು. ಹೀಗೆ ಏನೂ ಕಾಣದಿದ್ದರೆ ಇನ್ನೊಂದು ಪರೀಕ್ಷೆಯಿದೆ. ಕೋಣೆ ಕತ್ತಲು ಮಾಡಿ, ಬ್ಯಾಟರಿಯ ಬೆಳಕನ್ನು ಪರದೆಯ ಮೇಲೆ ಓರೆಯಾಗಿ ಬಿಟ್ಟು ನೋಡಬೇಕು. ಮಸುಕಾಗಿ ಚಿತ್ರ ಕಂಡರೆ ಚಿತ್ರವಿದೆ, ಹಿಂದಿನ ಬೆಳಕು ಕೆಟ್ಟಿದೆ ಎಂದರ್ಥ. ಅದು ಅಂಗಡಿಯವರ ಕೆಲಸ. ಮಕ್ಕಳು ಪ್ರಕಾಶದ ಗುಂಡಿಯನ್ನು ಸೊನ್ನೆಗೆ ಇಳಿಸಿಟ್ಟು ಮನೆಮಂದಿಯನ್ನೆಲ್ಲ ಗಾಬರಿಗೊಳಿಸುವುದೂ ಉಂಟು.

ಇನ್ನು ನಡುವಿನ ದೂತ, ಕೇಬಲ್ಲು. 1987ರಲ್ಲಿ ಐಬಿಎಂ ಸಂಸ್ಥೆ ಬಳಕೆಗೆ ತಂದ ಈ ವಿಜಿಎ ಜೋಡಣೆಯಲ್ಲಿ ಮೂರು ಸಾಲುಗಳಲ್ಲಿ 15 ಸೂಜಿಗಳ ಸ್ಥಾನ. ಕೆಂಪು, ಹಸಿರು, ನೀಲಿಗಳಿಗೆ ಒಂದೊಂದು. ಗೆರೆಗಳ ಓಟವನ್ನು ಹೊಂದಿಸಲು ಎರಡು. ಕೆಂಪಿನ ಸೂಜಿ ಬಾಗಿದ್ದರೆ ಚಿತ್ರ ಬಣ್ಣಗೆಡುತ್ತದೆ. ಹೊಂದಾಣಿಕೆಯ ಸೂಜಿ ಬಾಗಿದ್ದರೆ ಚಿತ್ರವೇ ನಿಲ್ಲಲಾರದು. ಕೆಲವು ಕೇಬಲ್ಲುಗಳಲ್ಲಿ ಒಂಬತ್ತನೆಯ ಸೂಜಿಯನ್ನು ಇಟ್ಟೇ ಇರುವುದಿಲ್ಲ. ಆ ಬೋಡು ಬಾಯನ್ನು ಕಂಡು ಹೆದರಬೇಕಾಗಿಲ್ಲ. ಪೆಟ್ಟಿಗೆಯ ಬೆನ್ನಿನಲ್ಲಿ ಎರಡು ಕಡೆ ಇಂಥ ಕಿಂಡಿಗಳಿದ್ದರೆ ಕೇಬಲ್ಲು ಚಿತ್ರದ ಪ್ರತ್ಯೇಕ ಕಾರ್ಡಿನ ಕಿಂಡಿಯಲ್ಲೇ ಇರಬೇಕು. ಕಾರ್ಡು ಇರುವಾಗ ಇನ್ನೊಂದು ಕಿಂಡಿ ಬಹುಮಟ್ಟಿಗೆ ಮೌನವ್ರತದಲ್ಲಿರುತ್ತದೆ. ಈ ಮನೆಯಲ್ಲಿ ಇದ್ದದ್ದು ಒಂದೇ ಕಿಂಡಿ, ಸೂಜಿಗಳೂ ನೆಟ್ಟಗಿದ್ದವು.

ಉಳಿದದ್ದು ಪೆಟ್ಟಿಗೆ. ಊರೆಲ್ಲ ಅದನ್ನು ‘ಸಿಪಿಯು’ ಎನ್ನುತ್ತದೆ. ಆ ಹೆಸರು ಸಲ್ಲಬೇಕಾದದ್ದು ಒಳಗಿನ ಒಂದು ಬಿಲ್ಲೆಗೆ ಮಾತ್ರ. ಆದರೆ ಬಳಕೆಯ ಮುಂದೆ ನಿಘಂಟು ಗೆದ್ದದ್ದೆಂದು? ಒಳಗೆ ಪಂಖ ತಿರುಗುತ್ತಿತ್ತು. ಹುಡುಗಿ ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ ನೋಡಿದಳು. ಅದರ ಪುಟ್ಟ ದೀಪ ಹೊತ್ತಲಿಲ್ಲ. ಹೊತ್ತಿ ಆರಿದ್ದರೆ ಯಂತ್ರ ಎದ್ದಿದೆ, ಚಿತ್ರವೊಂದೇ ದಾರಿ ತಪ್ಪಿದೆ ಎಂದುಕೊಳ್ಳಬಹುದಿತ್ತು. ಇಲ್ಲಿ ಯಂತ್ರ ಉಸಿರಾಡುತ್ತಿತ್ತು, ಎಚ್ಚರಗೊಂಡಿರಲಿಲ್ಲ. ಇಂಥ ನಿದ್ರೆಗೆ ಹಳೆಯ ಯಂತ್ರಗಳಲ್ಲಿ ಮೊದಲು ವಿಚಾರಿಸಬೇಕಾದದ್ದು ರ್‍ಯಾಮ್ ಎಂಬ ನೆನಪಿನ ಪಟ್ಟಿಯನ್ನು. ಯಂತ್ರ ಎದ್ದೊಡನೆ ತನ್ನ ನೆನಪು ಸರಿಯಿದೆಯೇ ಎಂದು ತಡವಿ ನೋಡಿಕೊಳ್ಳುತ್ತದೆ. ಅದು ಸಿಕ್ಕದಿದ್ದರೆ ಚಿತ್ರ ಮೂಡಿಸುವ ಮಾತಿಗೇ ಹೋಗುವುದಿಲ್ಲ. ಡಿಡಿಆರ್-3 ಬಗೆಯ ಪಟ್ಟಿಯ ಅಂಚಿನಲ್ಲಿ 240 ಹೊಂಬಣ್ಣದ ಗೆರೆಗಳಿವೆ. ಅವುಗಳ ಮೇಲೆ ಧೂಳಿನ, ಕಿಲುಬಿನ ತೆಳುಪೊರೆ ಕೂತರೂ ಸಾಕು. ಎರೆಮಣ್ಣಿನ ಧೂಳೋ, ಕೇಳುವುದೇ ಬೇಡ. ಮುಚ್ಚಿದ ಕಪಾಟಿನೊಳಗೂ ದಾರಿ ಮಾಡಿಕೊಂಡು ಹೋಗುವ ಜಾತಿಯದು.

ಪ್ಲಗ್ಗನ್ನು ಗೋಡೆಯಿಂದ ಪೂರ್ತಿ ಕಿತ್ತು, ಶಕ್ತಿಯ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಒಳಗೆ ಉಳಿದಿದ್ದ ವಿದ್ಯುತ್ತನ್ನು ಕಳೆದರು. ಮಗ್ಗುಲ ಹಲಗೆ ತೆಗೆದಾಗ ಹೊರಬಿದ್ದದ್ದು ಒಂದು ಹಿಡಿ ಕರಿಧೂಳು, ಹಲ್ಲಿಯ ಮೊಟ್ಟೆಯ ಎರಡು ಚಿಪ್ಪು. ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ, ಎರಡು ಕಡೆಯ ಹಿಡಿಕೆ ಸಡಿಲಿಸಿ ಪಟ್ಟಿಯನ್ನು ಮೇಲೆತ್ತಿದರು. ಹುಡುಗಿ ಶಾಲೆಯ ದಿನಗಳ ರಬ್ಬರಿನಿಂದ ಅದರ ಹೊನ್ನಿನ ಅಂಚನ್ನು ಮೆಲ್ಲಗೆ ಉಜ್ಜಿದಳು. ಪುಡಿಯನ್ನು ಕುಂಚದಿಂದ ಝಾಡಿಸಿದಳು. ಹಿಡಿಕೆಗಳು ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿದಳು. ಇಷ್ಟು ಮಟ್ಟಿನ ಧೈರ್ಯ ಮನೆಯಲ್ಲಿ ಯಾರೂ ಮಾಡಬಹುದು. ಹಳೆಯ ಕಾಲದ, ಹೊಟ್ಟೆ ದೊಡ್ಡದಾದ ಗಾಜಿನ ಕೊಳವೆಯ ಮಾನಿಟರನ್ನು ಮಾತ್ರ ಬಿಚ್ಚಬಾರದು. ಅದರೊಳಗೆ ಏರುವ ವಿದ್ಯುತ್ತು ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ್ದು, ಪ್ಲಗ್ಗು ಕಿತ್ತ ಮೇಲೂ ಬಹಳ ಹೊತ್ತು ಕಾದು ಕುಳಿತಿರಬಹುದು.

ಮತ್ತೆ ಗುಂಡಿ ಒತ್ತಿದಾಗ ‘ಕುಂಯ್’ ಎಂದು ಒಂದೇ ಒಂದು ಸದ್ದಾಯಿತು. ಹಳದಿ ದೀಪ ಹಸಿರಾಯಿತು. ಹುಡುಗಿ ಮೊದಲು ಮಾಡಿದ ಕೆಲಸ ಹಾಡುಗಳನ್ನು ಪೆನ್‌ಡ್ರೈವಿಗೆ ಇಳಿಸಿದ್ದು. ಮಾರನೆಯ ವಾರ ಧಾರವಾಡದಲ್ಲಿ ಅಷ್ಟನ್ನೂ ಕಾಗದಕ್ಕೆ ಮುದ್ರಿಸಿ ತಂದಳು. ಅಡಿಗೆಮನೆಯ ಕಟ್ಟೆಯ ಮೇಲೆ ಕುಳಿತು ಒಂದು ಬೀಸುವ ಹಾಡನ್ನು ಅವಳು ಓದುತ್ತಿದ್ದಾಗ ರೊಟ್ಟಿ ಬಡಿಯುತ್ತಿದ್ದ ಅವಳ ತಾಯಿ ಕೈ ನಿಲ್ಲಿಸಿ, ‘ಅಲ್ಲಿ ತಪ್ಪ ಬರದೀಯವಾ, ಅತ್ತಿ ಹಂಗ ಅಂತಿರಲಿಲ್ಲ’ ಎಂದರು. ಹುಡುಗಿ ಪೆನ್ಸಿಲ್ಲು ಹುಡುಕಿಕೊಂಡು ಬಂದಳು.